ಅಲೆಯೊಂದಿದ್ದರೆ ಸಾಲದು

ಯಲ್ಲಾಪುರದ ಸ್ಮರಣ ಸಂಚಿಕೆಯಲ್ಲಿ ಸರ್ಫಿಂಗ್ ಚರಿತ್ರೆಗೇನು ಕೆಲಸ ಎಂದು ಓದುಗರು ಹುಬ್ಬೇರಿಸಿದರೆ ತಪ್ಪೇನಿಲ್ಲ. ನಮ್ಮ ತಾಲ್ಲೂಕಿಗೆ ಕಡಲಿಲ್ಲ. ಮಾಗೋಡಿನಲ್ಲಿ ಧುಮುಕಿದ ಬೇಡ್ತಿ ಮುಂದೆ ಗಂಗಾವಳಿ ಎನಿಸಿಕೊಂಡು ಅಂಕೋಲಾ–ಗೋಕರ್ಣಗಳ ನಡುವೆ ಸಮುದ್ರ ಸೇರುತ್ತದೆ. ಕಡಲಿಗೂ ನಮಗೂ ನೇರ ನಂಟು ಅಷ್ಟೇ. ಆದರೆ ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಒಂದು ದೊಡ್ಡ ಕ್ರೀಡಾ ಪ್ರಯೋಗ ಶುರುವಾಗಿ 1993ರಲ್ಲಿ ನಿಂತುಹೋಯಿತು. ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಲು ಹೊರಟ ಆ ಪ್ರಯೋಗ ಏಕೆ ನಿಂತಿತು ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ: ಸರ್ಕಾರ ಕೈಬಿಟ್ಟಿತು, ಇಲ್ಲವೇ ಹುಡುಗರು ನಿಲ್ಲಲಿಲ್ಲ. ಎರಡೂ ಅರೆಬರೆ ಎಂದು ನನಗನ್ನಿಸುತ್ತದೆ. ಕ್ರೀಡೆಯೊಂದು ಊರಿನ ಆಟವಾಗಿದ್ದು ಜಗತ್ತಿನ ಸ್ಪರ್ಧೆಯಾಗಿ ಬೆಳೆಯುವುದು ಹೇಗೆ ಎಂಬುದನ್ನು ಬೇರೆಡೆ ನೋಡಿ ಬಂದರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕೀತು. ಹಾಗೆ ನೋಡಲು ಸರ್ಫಿಂಗ್‌ಗಿಂತ ಒಳ್ಳೆಯ ಉದಾಹರಣೆ ಕಡಿಮೆ. ಪ್ರಕೃತಿಯನ್ನೇ ಪೂರ್ತಿ ನೆಚ್ಚಿಕೊಂಡಂತೆ ತೋರುವ ಈ ಆಟ ಬೆಳೆದದ್ದು ಮಾತ್ರ ದಫ್ತರ, ನಿಯಮಾವಳಿ, ತೀರ್ಪುಗಾರರ ಮೇಜು ಇವುಗಳ ಬಲದಿಂದ. ಒಮ್ಮೆ ಮುರಿದುಬಿದ್ದ ಮೇಲೂ ಮತ್ತೆ ಕಟ್ಟಿಕೊಳ್ಳುವ ಸಂಸ್ಥೆ ಇದ್ದಲ್ಲಿ ಕ್ರೀಡೆ ಉಳಿಯುತ್ತದೆ. ಅಲೆಯಾಗಲಿ ಮೈಕಟ್ಟಾಗಲಿ ಅದನ್ನು ಉಳಿಸುವುದಿಲ್ಲ. ಈ ಲೇಖನದ ವಾದ ಇಷ್ಟು.

ಸರ್ಫಿಂಗ್‌ನ ತವರು ಹವಾಯಿ ಮತ್ತು ಪಾಲಿನೇಷ್ಯಾದ ದ್ವೀಪಗಳು. ಕ್ಯಾಪ್ಟನ್ ಕುಕ್‌ನ ಕೊನೆಯ ಯಾನದಲ್ಲಿದ್ದ ಜೇಮ್ಸ್ ಕಿಂಗ್ ಎಂಬ ನೌಕಾಧಿಕಾರಿ 1779ರಲ್ಲಿ ಕೆಯಲಕೆಕುವಾ ಕೊಲ್ಲಿಯ ಜನ ಹಲಗೆಯ ಮೇಲೆ ಅಲೆಯೇರಿ ಬರುವುದನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿ ಅರಸರಿಂದ ಹಿಡಿದು ಸಾಮಾನ್ಯರವರೆಗೆ, ಹೆಣ್ಣು–ಗಂಡೆನ್ನದೆ ಎಲ್ಲರೂ ಅಲೆ ಏರುತ್ತಿದ್ದರು. ಉದ್ದನೆಯ ‘ಓಲೊ’ ಹಲಗೆ ಅರಸುಮನೆತನದವರಿಗೆ ಸಲ್ಲುತ್ತಿತ್ತು, ಉಳಿದವರಿಗೆ ಚಿಕ್ಕದಾದ ‘ಅಲಾಯ’. ಪಣ ಕಟ್ಟಿ ಪೈಪೋಟಿ ನಡೆಸುವುದೂ ಇತ್ತು. ಹಾಗಾದರೆ ಸ್ಪರ್ಧೆ ಆ ಆಟದ ಹುಟ್ಟುಗುಣವೇ ಆಗಿರುವಾಗ ಸಂಸ್ಥೆಗಳಿಗೇಕೆ ಕೀರ್ತಿ ಕೊಡಬೇಕು ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಆದರೆ ಅದೇ ಚರಿತ್ರೆಯ ಮುಂದಿನ ಪುಟ ಇದಕ್ಕೆ ಉತ್ತರ ಹೇಳುತ್ತದೆ. 1820ರಲ್ಲಿ ಮಿಷನರಿಗಳು ಬಂದಿಳಿದರು. ಹೊರಗಿನಿಂದ ಬಂದ ರೋಗಗಳಿಗೆ ದ್ವೀಪದ ಜನಸಂಖ್ಯೆ ಕುಸಿಯಿತು. ಹಳೆಯ ಕಟ್ಟುಪಾಡುಗಳೊಂದಿಗೆ ಆಟದ ಸಾಮಾಜಿಕ ಚೌಕಟ್ಟೂ ಕಳಚಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲೆಯೇರುವವರು ಅಲ್ಲೊಬ್ಬರು ಇಲ್ಲೊಬ್ಬರು ಎನ್ನುವಂತಾದರು. ಅಲೆಗಳೇನೂ ಕಡಿಮೆಯಾಗಿರಲಿಲ್ಲ. ಆಟ ಮತ್ತೆ ತಲೆಯೆತ್ತಿದ್ದು 1908ರಲ್ಲಿ ವೈಕಿಕಿಯಲ್ಲಿ ಔಟ್‌ರಿಗರ್ ಕನೂ ಕ್ಲಬ್, 1911ರಲ್ಲಿ ಸ್ಥಳೀಯ ಹವಾಯಿಯನ್ನರ ‘ಹುಯಿ ನಾಲು’ ಸಂಘ ಹುಟ್ಟಿದ ಮೇಲೆ. ಹುಯಿ ನಾಲುವಿನವರೇ ಆದ ಡ್ಯೂಕ್ ಕಹನಮೊಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದರು. ಆ ಹೆಸರಿನ ಬಲದಿಂದಲೇ 1914–15ರಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರದಲ್ಲಿ ಹಲಗೆಯಾಟ ತೋರಿಸಿ ಆಸ್ಟ್ರೇಲಿಯದವರಿಗೆ ಗುಂಗು ಹತ್ತಿಸಿದರು.

ಗುಂಗು ಹತ್ತಿಸುವುದು ಒಂದು, ಇಬ್ಬರಲ್ಲಿ ಯಾರು ಮೇಲು ಎಂದು ನಿರ್ಣಯಿಸುವುದು ಇನ್ನೊಂದು. ಓಟದಲ್ಲಿ ಗಡಿಯಾರವಿದೆ, ಜಿಗಿತದಲ್ಲಿ ಅಳತೆಪಟ್ಟಿಯಿದೆ. ಅಲೆಯಾಟದಲ್ಲಿ ಇಬ್ಬರಿಗೆ ಒಂದೇ ಅಲೆ ಸಿಗುವುದೇ ಇಲ್ಲ. ಸ್ಪರ್ಧಾತ್ಮಕ ಸರ್ಫಿಂಗ್‌ನ ಇತಿಹಾಸವೆಲ್ಲ ಈ ಒಂದು ತೊಡಕಿಗೆ ಪರಿಹಾರ ಹುಡುಕಿದ ಇತಿಹಾಸ ಎಂದರೆ ಅತಿಶಯೋಕ್ತಿಯಲ್ಲ. ಕ್ಯಾಲಿಫೋರ್ನಿಯದ ಕರೋನಾ ಡೆಲ್ ಮಾರ್‌ನಲ್ಲಿ 1928ರಲ್ಲೇ ಪಂದ್ಯ ನಡೆದಿತ್ತು. ಹವಾಯಿಯ ಮಕಾಹದಲ್ಲಿ 1954ರಿಂದ ಅಂತರರಾಷ್ಟ್ರೀಯ ಎಂಬ ಹೆಸರಿನ ಪಂದ್ಯಾವಳಿ ಆರಂಭವಾಯಿತು. 1964ರಲ್ಲಿ ಸಿಡ್ನಿಯ ಮ್ಯಾನ್ಲಿ ತೀರದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು ಮಿಜೆಟ್ ಫ್ಯಾರೆಲಿ, ಫಿಲಿಸ್ ಓ’ಡೊನೆಲ್ ಗೆದ್ದರು. ಅದೇ ವರ್ಷ ಪೆರುವಿನ ಎಡುವಾರ್ಡೊ ಅರೆನಾ ಅಧ್ಯಕ್ಷತೆಯಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ಮುಂದೆ ಎಲ್ಲವೂ ಸಲೀಸಾಯಿತೆಂದು ತಿಳಿಯಬೇಡಿ. ಅಂಕ ಕೊಡುವ ರೀತಿಯ ಬಗ್ಗೆ ತಕರಾರು, ಆಟಗಾರರಲ್ಲೇ ಸ್ಪರ್ಧೆಯ ಬಗ್ಗೆ ತಾತ್ಸಾರ, ಸೊರಗಿದ ಅಲೆಗಳು ಎಲ್ಲ ಸೇರಿ 1972ರ ಸ್ಯಾನ್ ಡಿಯೇಗೊ ಚಾಂಪಿಯನ್‌ಷಿಪ್‌ನ ನಂತರ ಆ ಒಕ್ಕೂಟ ಕಾರ್ಯತಃ ಮುಚ್ಚಿಹೋಯಿತು. ವಿಶ್ವ ಮಟ್ಟದ ಹವ್ಯಾಸಿ ಪಂದ್ಯಾವಳಿ ಮತ್ತೆ ನಡೆದದ್ದು 1978ರಲ್ಲಿ, ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್‌ನಲ್ಲಿ. ನಡುವೆ 1976ರಲ್ಲಿ ಎರಡು ಸಂಸ್ಥೆಗಳು ಹೊಸದಾಗಿ ರೂಪುಗೊಂಡಿದ್ದವು. ಒಂದು, ದೇಶದೇಶಗಳ ಸಂಘಗಳನ್ನು ಕೂಡಿಸಿಕೊಂಡ ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆ ಅಂದರೆ ಐಎಸ್‌ಎ. ಇನ್ನೊಂದು, ಬಿಡಿಬಿಡಿಯಾಗಿ ನಡೆಯುತ್ತಿದ್ದ ಹಣದ ಪಂದ್ಯಗಳನ್ನು ಒಂದೇ ಅಂಕಪಟ್ಟಿಗೆ ಪೋಣಿಸಿ ವರ್ಷದ ಕೊನೆಗೆ ಚಾಂಪಿಯನ್ ಘೋಷಿಸುವ, ಫ್ರೆಡ್ ಹೆಮ್ಮಿಂಗ್ಸ್ ಮತ್ತು ರ‍್ಯಾಂಡಿ ರ‍್ಯಾರಿಕ್ ಅವರ ವೃತ್ತಿಪರ ವ್ಯವಸ್ಥೆ. ಎರಡನೆಯದು 1983ರಲ್ಲಿ ಕೈ ಬದಲಾಯಿಸಿತು, 1992ರಲ್ಲಿ ಎರಡು ಹಂತದ ಟೂರ್ ಆಯಿತು, 2015ರಿಂದ ವರ್ಲ್ಡ್ ಸರ್ಫ್ ಲೀಗ್ ಎನಿಸಿಕೊಂಡಿದೆ. ಹೆಸರು ಬದಲಾದರೂ ಅಂಕಪಟ್ಟಿ ಹರಿಯಲಿಲ್ಲ.

ಇಂದು ಚಾಲ್ತಿಯಲ್ಲಿರುವ ಪದ್ಧತಿಯನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು. ಒಂದು ಸುತ್ತಿನಲ್ಲಿ ಇಬ್ಬರೋ ನಾಲ್ವರೋ ಒಟ್ಟಿಗೆ ನೀರಿಗಿಳಿಯುತ್ತಾರೆ. ನಿಗದಿತ ಅವಧಿಯಲ್ಲಿ ಯಾರು ಎಷ್ಟು ಅಲೆ ಏರಿದರೂ ಪ್ರತಿ ಸವಾರಿಗೂ ಐವರು ತೀರ್ಪುಗಾರರು ಹತ್ತರೊಳಗೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ ಉಳಿದ ಮೂರರ ಸರಾಸರಿ ಹಿಡಿಯಲಾಗುತ್ತದೆ. ಕೊನೆಗೆ ಲೆಕ್ಕಕ್ಕೆ ಬರುವುದು ಅವರವರ ಅತ್ಯುತ್ತಮ ಎರಡು ಅಲೆಗಳು ಮಾತ್ರ. ಗರಿಷ್ಠ 20 ಅಂಕ. ಆರಿಸಿಕೊಂಡ ಅಲೆ ಎಷ್ಟು ಕಠಿಣ, ತಿರುವುಗಳಲ್ಲಿ ಎಷ್ಟು ಹೊಸತನ, ಎಷ್ಟು ವೈವಿಧ್ಯ, ವೇಗ–ಬಲ–ಓಘಗಳ ಹದವೇನು ಎಂಬುದನ್ನು ನೋಡುತ್ತಾರೆ. ಯಾವ ಅಲೆಯ ಮೇಲೆ ಯಾರಿಗೆ ಮೊದಲ ಹಕ್ಕು ಎಂಬುದಕ್ಕೂ ನಿಯಮವಿದೆ; ಇನ್ನೊಬ್ಬರ ಅಲೆಗೆ ಅಡ್ಡ ಬಂದವರಿಗೆ ಅಂಕ ಕಡಿತ. ಇಬ್ಬರಿಗೆ ಒಂದೇ ಅಲೆ ಸಿಗದು ಎಂಬ ಮೂಲ ತೊಡಕನ್ನು ಇದು ಬಗೆಹರಿಸಿಲ್ಲ. ಅದನ್ನು ಆಟದೊಳಗೇ ಸೇರಿಸಿಕೊಂಡಿದೆ. ಕಾಯುವುದು, ಬಿಟ್ಟುಕೊಡುವುದು, ಸರಿಯಾದ ಅಲೆಯನ್ನು ಗುರುತಿಸುವುದು ಕೂಡ ಈಗ ಕೌಶಲವೇ.

ಕಣ್ಣಂದಾಜಿನಿಂದ ಅಂಕ ಕೊಡುವ ಇದು ಕ್ರೀಡೆಯೋ ಪ್ರದರ್ಶನವೋ ಎಂಬ ಆಕ್ಷೇಪ ಹಳೆಯದು. ಗಡಿಯಾರವಿಲ್ಲದ ಕಡೆ ಪಕ್ಷಪಾತ ನುಸುಳುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಅತಿ ಹೆಚ್ಚು–ಅತಿ ಕಡಿಮೆ ಅಂಕಗಳನ್ನು ಕೈಬಿಡುವ ನಿಯಮ ಬಂದದ್ದೇ ಆ ಭಯದಿಂದ. ಆದರೆ ಗಡಿಯಾರವಿದ್ದ ಮಾತ್ರಕ್ಕೆ ಆಟ ಅಂತರರಾಷ್ಟ್ರೀಯವಾಗುತ್ತದೆಯೇ? ಕರ್ನಾಟಕದ ಸರ್ಫಿಂಗ್ ತವರಾದ ಮೂಲ್ಕಿಯ ಪಕ್ಕದಲ್ಲೇ, ಐಕಳದ ಕಂಬಳದಲ್ಲಿ 2020ರ ಫೆಬ್ರವರಿ 1ರಂದು ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಸೆಕೆಂಡಿನ ನೂರನೇ ಒಂದು ಭಾಗದವರೆಗೆ ನಿಖರವಾದ ಲೆಕ್ಕ. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಗುಣಿಸಿದ ಪತ್ರಿಕೆಗಳು ಉಸೇನ್ ಬೋಲ್ಟ್‌ನ 9.58ಕ್ಕೆ ಹೋಲಿಸಿ ಸಂಭ್ರಮಿಸಿದವು. ಕೇಂದ್ರ ಕ್ರೀಡಾ ಸಚಿವರು ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷಾ ಓಟಕ್ಕೆ ಏರ್ಪಾಡು ಮಾಡಿಸಿದರು. ಗೌಡರು ವಿನಯದಿಂದ ಒಲ್ಲೆನೆಂದರು. ಕೋಣಗಳೊಂದಿಗೆ ಕೆಸರಿನಲ್ಲಿ ಓಡುವುದೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂಬ ಅವರ ತಿಳಿವಳಿಕೆ ಸಂಭ್ರಮಿಸಿದ ಅನೇಕರಿಗಿರಲಿಲ್ಲ. ಕಂಬಳಕ್ಕೆ ಸಮಿತಿಗಳಿವೆ, ಋತುವಿನುದ್ದಕ್ಕೂ ಜನಸಾಗರವಿದೆ, ಇಲೆಕ್ಟ್ರಾನಿಕ್ ಕಣ್ಣೂ ಇದೆ. ಆದರೆ ಇನ್ನೊಂದು ದೇಶದ ಓಟಗಾರನೊಂದಿಗೆ ಅದೇ ಗದ್ದೆಯಲ್ಲಿ ಅದೇ ನಿಯಮಕ್ಕೆ ಒಳಪಟ್ಟು ಸೆಣಸುವ ವೇದಿಕೆಯಿಲ್ಲ. ಕಂಬಳಕ್ಕೆ ಅದು ಬೇಕೂ ಇಲ್ಲ. ಅದರ ಘನತೆ ಬೇರೆ ಬಗೆಯದು. ಹೋಲಿಸಬಲ್ಲ ವೇದಿಕೆಯನ್ನು ಕಟ್ಟುವುದು ಅಳತೆಯ ನಿಖರತೆಗಿಂತ ಕಷ್ಟದ ಕೆಲಸ ಎಂಬುದಷ್ಟೇ ಇಲ್ಲಿ ಮುಖ್ಯ. ಸರ್ಫಿಂಗ್ ಅಳತೆಯಲ್ಲಿ ಸೋತರೂ ವೇದಿಕೆಯಲ್ಲಿ ಗೆದ್ದಿತು.

ಒಲಿಂಪಿಕ್ಸ್ ಪ್ರವೇಶ ಈ ತಾಳ್ಮೆಯ ಕೆಲಸಕ್ಕೆ ದೊಡ್ಡ ಸಾಕ್ಷಿ. ಸರ್ಫಿಂಗ್ ಒಲಿಂಪಿಕ್ಸ್ ಸೇರಬೇಕೆಂದು ಡ್ಯೂಕ್ ಕಹನಮೊಕು ಅವರಿಗಿದ್ದ ಆಸೆ ಕೈಗೂಡಲು ಸುಮಾರು ನೂರು ವರ್ಷ ಹಿಡಿಯಿತು. 1994ರಿಂದ ಐಎಸ್‌ಎ ಅಧ್ಯಕ್ಷರಾಗಿರುವ ಅರ್ಜೆಂಟೀನದ ಫರ್ನಾಂಡೊ ಅಗೆರೆ ಒಲಿಂಪಿಕ್ ಸಮಿತಿಯ ಬಾಗಿಲನ್ನು ವರ್ಷಗಟ್ಟಲೆ ತಟ್ಟಿದರು. 1995ರಲ್ಲಿ ತಾತ್ಕಾಲಿಕ ಮಾನ್ಯತೆ, 1997ರಲ್ಲಿ ಪೂರ್ಣ ಮಾನ್ಯತೆ, 2016ರ ಆಗಸ್ಟ್ 3ರಂದು ರಿಯೋದಲ್ಲಿ ಒಪ್ಪಿಗೆ. ಟೋಕಿಯೊ ಒಲಿಂಪಿಕ್ಸ್‌ನ ಭಾಗವಾಗಿ 2021ರ ಜುಲೈನಲ್ಲಿ ಚಿಬಾ ಪ್ರಾಂತ್ಯದ ತ್ಸುರಿಗಸಾಕಿ ತೀರದಲ್ಲಿ ಬ್ರೆಜಿಲಿನ ಇಟಾಲೊ ಫೆರೇರಾ, ಅಮೆರಿಕದ ಪರವಾಗಿ ಹವಾಯಿಯ ಕರಿಸಾ ಮೂರ್ ಚಿನ್ನ ಗೆದ್ದರು. ಇಲ್ಲೊಂದು ಕಹಿ ಸತ್ಯವನ್ನು ಮರೆಮಾಚುವಂತಿಲ್ಲ. ವೃತ್ತಿಪರ ಟೂರ್‌ನಲ್ಲಿ ಹವಾಯಿ ತನ್ನದೇ ಬಾವುಟದಡಿ ಆಡುತ್ತದೆ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. 2024ರ ಪ್ಯಾರಿಸ್ ಕೂಟದ ಸರ್ಫಿಂಗ್ ನಡೆದದ್ದು ಟಹೀಟಿಯ ಟೆಯಾಹುಪೊದಲ್ಲಿ. ಅಲ್ಲಿಯವರೇ ಆದ ಕೌಲಿ ವಾಸ್ಟ್ ಗೆದ್ದ ಚಿನ್ನ ಫ್ರಾನ್ಸಿನ ಖಾತೆಗೆ ಹೋಯಿತು. ಆಟವನ್ನು ಹುಟ್ಟಿಸಿದ ಜನರ ಹೆಸರೇ ಪದಕಪಟ್ಟಿಯಲ್ಲಿಲ್ಲದಂತೆ ಮಾಡಿದ್ದು ಇದೇ ಸಂಸ್ಥೆಗಳಲ್ಲವೇ ಎಂದು ಕೇಳುವವರಿಗೆ ಹೌದೆಂದೇ ಹೇಳಬೇಕು. ಸಂಸ್ಥೆ ಕಟ್ಟುವವರು ಯಾರೋ ಅವರ ಲೋಕದ ಗಡಿರೇಖೆಗಳು ಆಟದೊಳಕ್ಕೂ ಬರುತ್ತವೆ. ಆದರೆ ಈ ಮಾತು ನನ್ನ ವಾದವನ್ನು ಗಟ್ಟಿಮಾಡುತ್ತದೆಯೇ ಹೊರತು ಅಲುಗಿಸುವುದಿಲ್ಲ. ಸಂಸ್ಥೆಗೆ ಅಷ್ಟು ಬಲವಿರುವುದರಿಂದಲೇ ಅದರೊಳಗೆ ಯಾರು ಕುಳಿತಿದ್ದಾರೆ ಎಂಬ ಪ್ರಶ್ನೆ ಮುಖ್ಯವಾಗುವುದು.

ನಮ್ಮ ಕರಾವಳಿಗೆ ಬರೋಣ. ಅರಬ್ಬಿ ಸಮುದ್ರದ ಅಲೆ ನಿನ್ನೆ ಮೊನ್ನೆಯದಲ್ಲ. ದೂರದ ದಕ್ಷಿಣ ಸಾಗರದಲ್ಲೆದ್ದ ಉಬ್ಬರ ಮಳೆಗಾಲದ ಮುಂಚೆ ಕನ್ನಡ ಕರಾವಳಿಗೆ ಬಡಿಯುತ್ತಲೇ ಇತ್ತು. ನದೀಮುಖದ ಮರಳ ದಿಬ್ಬಗಳ ಮೇಲೆ ಅದು ಅಂದವಾಗಿ ಮಗುಚುತ್ತಲೂ ಇತ್ತು. ಅದರ ನಡುವೆಯೇ ತಲೆತಲಾಂತರದಿಂದ ದೋಣಿ ನಡೆಸಿದ ಮೀನುಗಾರರಿಗೆ ಅಲೆಯ ಗುಣ ಗೊತ್ತಿತ್ತು. ಆದರೂ ಇಲ್ಲಿ ಸರ್ಫಿಂಗ್ ಎಂಬ ಕ್ರೀಡೆ ಇರಲಿಲ್ಲ. ಅದು ಬಂದದ್ದು 2004ರಲ್ಲಿ, ಅಮೆರಿಕದ ಫ್ಲೋರಿಡಾದವರಾದ ಜ್ಯಾಕ್ ಹೆಬ್ನರ್ ಅವರ ಮೂಲಕ. ಸನ್ಯಾಸ ಸ್ವೀಕರಿಸಿ ಭಾರತದಲ್ಲೇ ನೆಲೆಸಿದ್ದ ಅವರು ‘ಸರ್ಫಿಂಗ್ ಸ್ವಾಮಿ’ ಎಂದೇ ಪ್ರಸಿದ್ಧರು. ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ದಂಡೆಯ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. 2007ರಲ್ಲಿ ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವೀಯ ಮತ್ತು ತುಷಾರ್ ಪತಿಯನ್ ಕೋಡಿಬೆಂಗ್ರೆಯ ಶಾಕಾ ಸರ್ಫ್ ಕ್ಲಬ್‌ಗೆ ಚಾಲನೆ ಕೊಟ್ಟರು. 2011ರಲ್ಲಿ ಮೂಲ್ಕಿಯವರೂ ಮುಂದಾಗಿ ಭಾರತೀಯ ಸರ್ಫಿಂಗ್ ಫೆಡರೇಷನ್ ರೂಪುಗೊಂಡಿತು. ಐಎಸ್‌ಎಯ ಸದಸ್ಯತ್ವವೂ ದೊರೆಯಿತು. ಶಾಂಭವಿ–ನಂದಿನಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರ ಮೇ ಕೊನೆಗೆ ಇಂಡಿಯನ್ ಓಪನ್ ನಡೆಯಿತು. ಮುಂದೆ 2022 ಮತ್ತು 2023ರಲ್ಲಿ ಪಣಂಬೂರಿನಲ್ಲಿ, 2024ರಲ್ಲಿ ಮತ್ತೆ ಸಸಿಹಿತ್ಲುವಿನಲ್ಲಿ. ದಿನಾಂಕಗಳೆಲ್ಲ ಮೇ ಕೊನೆ, ಜೂನ್ ಮೊದಲ ವಾರವೇ ಆಗಿರುವುದನ್ನು ಗಮನಿಸಿ. ಮುಂಗಾರು ಅಪ್ಪಳಿಸುವ ಮುನ್ನ, ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಶುರುವಾಗುವ ಆಸುಪಾಸಿನಲ್ಲಿ ಸಿಗುವ ಸಣ್ಣ ಕಿಂಡಿ ಅದು. ಎಂದೋ ಬರುವ ಅಲೆಯನ್ನು ಪಂಚಾಂಗಕ್ಕೆ ಹೊಂದಿಸಿದವರು ಸಂಘಟಕರು.

ಇದೆಲ್ಲ ಹೊರಗಿನವರ, ಉಳ್ಳವರ ಶೋಕಿ ಎಂಬ ಮಾತು ಕರಾವಳಿಯಲ್ಲೂ ಕೇಳಿಬಂದಿದೆ. ಹಲಗೆ ದುಬಾರಿ, ಕಲಿಸಲು ಬಂದವರಲ್ಲಿ ಮೊದಮೊದಲು ಪರದೇಶದವರೇ ಹೆಚ್ಚು ಎಂಬುದು ನಿಜ. ಆದರೆ ಒಂದೂವರೆ ದಶಕದಲ್ಲಿ ಮೇಲೆ ಬಂದವರ ಹೆಸರುಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಮಂತ್ರ ಕ್ಲಬ್ಬಿನಲ್ಲಿ ಕಲಿತ ಮೂಲ್ಕಿಯ ತನ್ವಿ ಜಗದೀಶ್ ನಿಂತು ಹುಟ್ಟು ಹಾಕುತ್ತ ಸಾಗುವ ಹಲಗೆಯಾಟದಲ್ಲಿ 2016ರ ಫಿಜಿ ವಿಶ್ವಕೂಟಕ್ಕೆ ಭಾರತದ ಪರ ಹೋದರು. ತಮಿಳುನಾಡಿನ ಕೋವಲಂನಲ್ಲಿ ಮೂರ್ತಿ ಮೇಘವನ್ ಎಂಬ ಮೀನುಗಾರರೇ ಶಾಲೆ ಕಟ್ಟಿ ಊರಿನ ಹುಡುಗರನ್ನು ತಯಾರುಮಾಡಿದರು. ಕೇರಳದ ಕೋವಳಂನಲ್ಲಿ ಆಟ ಕಲಿತ ರಮೇಶ್ ಬುದಿಹಾಳ 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು; ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಮೊದಲ ವೈಯಕ್ತಿಕ ಪದಕ ಅದು. 2026ರ ಐಚಿ–ನಗೋಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಗೂ ಸರ್ಫಿಂಗ್ ಸೇರಿತು. ಶೋಕಿಯಾಗಿಯೇ ಶುರುವಾಗಿರಬಹುದು. ಆದರೆ ಕ್ಲಬ್, ರಾಷ್ಟ್ರೀಯ ಪಂದ್ಯ, ಏಷ್ಯಾ ಮಟ್ಟದ ಕೂಟ ಎಂಬ ಏಣಿಯ ಮೆಟ್ಟಿಲುಗಳು ಒಂದಕ್ಕೊಂದು ಕೂಡಿಕೊಂಡದ್ದರಿಂದ ಬೆಸ್ತರ ಹುಡುಗನೂ ಹತ್ತಬಹುದಾಯಿತು.

ಈಗ ಸಿದ್ದಿಗಳ ವಿಷಯ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗದ ಕಾಡಂಚಿನಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳಲ್ಲಿ ಹರಡಿಕೊಂಡಿರುವ ಈ ಸಮುದಾಯದ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಯುವಜನ ಹಾಗೂ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ‘ಸ್ಪೆಷಲ್ ಏರಿಯಾ ಗೇಮ್ಸ್’ ಯೋಜನೆ ಇಲ್ಲಿಗೂ ಬಂತು. ಗುಡ್ಡಗಾಡು, ಬುಡಕಟ್ಟು, ಕರಾವಳಿ ಪ್ರದೇಶಗಳ ಸಹಜ ಪ್ರತಿಭೆಯನ್ನು ಹೆಕ್ಕುವುದು ಅದರ ಗುರಿ. ಸಿದ್ದಿಗಳ ಮಟ್ಟಿಗೆ ತರ್ಕ ಇನ್ನೂ ನೇರವಾಗಿತ್ತು: ಆಫ್ರಿಕ ಮೂಲದವರು ಜಗತ್ತಿನಲ್ಲಿ ಓಟದ ಪದಕ ಬಾಚುತ್ತಿದ್ದಾರೆ, ಇವರೂ ಅದೇ ಮೂಲದವರು, ಆದ್ದರಿಂದ ಇವರೂ ಬಾಚಿಯಾರು. ಮಕ್ಕಳನ್ನು ಮನೆಯಿಂದ ದೂರದ ಕ್ರೀಡಾ ವಸತಿನಿಲಯಗಳಿಗೆ ಸೇರಿಸಲಾಯಿತು. ಫಲ ಬಾರದೇ ಇರಲಿಲ್ಲ. ಕಮಲಾ ಬಾಬು ಸಿದ್ದಿಯವರು ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಹೆಸರಾದರು. ಇನ್ನೂ ಹಲವರು ಪದಕ ತಂದರು. 1993ರಲ್ಲಿ ಸಿದ್ದಿಗಳ ಈ ಕಾರ್ಯಕ್ರಮ ಮುಚ್ಚಿತು. ಆ ಹೊತ್ತಿಗೆ ಓಡುತ್ತಿದ್ದವರಲ್ಲಿ ಕೆಲವರಿಗೆ ಕ್ರೀಡಾ ಕೋಟಾದಡಿ ರೈಲ್ವೆಯಂಥ ಕಡೆ ನೌಕರಿ ಸಿಕ್ಕಿತ್ತು. ಉಳಿದವರು ಊರಿಗೆ ಮರಳಿದರು.

ನೌಕರಿ ಸಿಕ್ಕೊಡನೆ ಓಟ ಬಿಟ್ಟರು, ಅವರಿಗೇ ಛಲವಿರಲಿಲ್ಲ ಎನ್ನುವವರಿದ್ದಾರೆ. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಜಮೀನಿಲ್ಲದ, ಕೂಲಿಯನ್ನೇ ನಂಬಿದ ಮನೆಯಿಂದ ಬಂದ ಹುಡುಗನಿಗೆ ರೈಲ್ವೆ ಕೆಲಸ ಪದಕಕ್ಕಿಂತ ದೊಡ್ಡದಾಗಿ ಕಂಡರೆ ಅದು ಛಲದ ಕೊರತೆಯಲ್ಲ, ಲೆಕ್ಕಾಚಾರದ ಜಾಣ್ಮೆ. ಪ್ರಶ್ನೆ ಕೇಳಬೇಕಾದದ್ದು ಯೋಜನೆಯ ಆಲೋಚನೆಗೆ. ರಕ್ತದಲ್ಲೇ ಓಟವಿದೆಯೆಂದು ನಂಬಿದವರಿಗೆ ಊರಿನಲ್ಲಿ ಮೈದಾನ ಬೇಕೆನಿಸಲಿಲ್ಲ. ಯಲ್ಲಾಪುರದಲ್ಲೋ ಮುಂಡಗೋಡದಲ್ಲೋ ನಿಂತು ಕಲಿಸುವ ತರಬೇತುದಾರರು, ಸಮುದಾಯದವರೇ ನಡೆಸುವ ಕ್ಲಬ್, ಪ್ರತಿವರ್ಷ ತಪ್ಪದೆ ನಡೆಯುವ ತಾಲ್ಲೂಕು ಮಟ್ಟದ ಓಟ ಇವೂ ಬೇಕೆನಿಸಲಿಲ್ಲ. ದೆಹಲಿಯ ಒಂದು ಕಡತ ಮುಚ್ಚಿದೊಡನೆ ಎಲ್ಲವೂ ಮುಚ್ಚುವಂತೆ ಅದನ್ನು ಕಟ್ಟಲಾಗಿತ್ತು. ಆರೇ ವರ್ಷದಲ್ಲಿ ಯಾವ ಸಂಸ್ಥೆ ತಾನೇ ಬೇರುಬಿಟ್ಟೀತು ಎಂಬ ಸಮಜಾಯಿಷಿಗೆ 1972ರ ಸ್ಯಾನ್ ಡಿಯೇಗೊ ಪ್ರಸಂಗವೇ ಉತ್ತರ. ಅಲ್ಲಿಯೂ ಜಾಗತಿಕ ಒಕ್ಕೂಟ ಹುಟ್ಟಿ ಎಂಟೇ ವರ್ಷಕ್ಕೆ ಕುಸಿದಿತ್ತು. ಆದರೆ ಕೆಳಗೆ ಹವಾಯಿ, ಆಸ್ಟ್ರೇಲಿಯ, ಪೆರು, ದಕ್ಷಿಣ ಆಫ್ರಿಕಗಳ ಊರೂರಿನ ಕ್ಲಬ್‌ಗಳು ಉಳಿದಿದ್ದವು. ನಾಲ್ಕು ವರ್ಷದಲ್ಲಿ ಅವೇ ಮೇಲಿನ ಅಂತಸ್ತನ್ನು ಮತ್ತೆ ಎಬ್ಬಿಸಿದವು. ಇಲ್ಲಿ ಮೇಲಿನ ಅಂತಸ್ತು ಮಾತ್ರ ಇತ್ತು.

ಎರಡು ದಶಕಗಳ ಖಾಲಿತನದ ನಂತರ ಬ್ರಿಜಸ್ ಆಫ್ ಸ್ಪೋರ್ಟ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಮುಂಡಗೋಡದ ಕಡೆ ಸಿದ್ದಿ ಮಕ್ಕಳಿಗೆ ಓಟದ ತರಬೇತಿ ಶುರುಮಾಡಿತು. ಮಕ್ಕಳನ್ನು ಎತ್ತಿಕೊಂಡು ಹೋಗುವುದಕ್ಕಿಂತ ತರಬೇತಿಯನ್ನು ಅವರಿರುವಲ್ಲಿಗೆ ತರುವ ಈ ಕ್ರಮ ಮೂಲ್ಕಿಯ ದಾರಿಗೆ ಹತ್ತಿರದ್ದು. ಅದರ ಪದಕಗಳನ್ನು ಎಣಿಸುವ ಅವಸರ ನಮಗೆ ಬೇಡ. ಯಲ್ಲಾಪುರದವರು ಮಾಡಬಹುದಾದ, ಹಣವೂ ಹೆಚ್ಚು ಬೇಡದ ಒಂದು ಕೆಲಸ ಬೇರೆಯೇ ಇದೆ. 1964ರಲ್ಲಿ ಮ್ಯಾನ್ಲಿ ತೀರದಲ್ಲಿ ಯಾರು ಯಾರನ್ನು ಸೋಲಿಸಿದರು ಎಂಬುದನ್ನು ಇಂದಿಗೂ ಸರ್ಫಿಂಗ್ ಚರಿತ್ರೆಯ ಪುಸ್ತಕ ತೆರೆದವರು ಓದಬಹುದು. ನಮ್ಮ ಕಾಡಂಚಿನಿಂದ ಆಯ್ಕೆಯಾಗಿ ಹೋದ ಮಕ್ಕಳ ಹೆಸರು, ಊರು, ಓಡಿದ ಸಮಯ, ಜಿಗಿದ ದೂರ, ಗೆದ್ದ ಪದಕ, ಮರಳಿ ಬಂದ ಕಾರಣ ಇವೆಲ್ಲ ಒಂದೇ ಕಡೆ ಅಚ್ಚಾಗಬೇಕು. ಅಂದು ಓಡಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಕೇಳಿದರೆ ಹೇಳಬಲ್ಲರು. ಆ ಪಟ್ಟಿಯನ್ನು ಸಿದ್ದಿ ಸಮುದಾಯದವರ ಕೈಯಿಂದಲೇ ಬರೆಸಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವ ಹೊಣೆಯನ್ನು ಈ ಸಂಪಾದಕ ಮಂಡಲಿ ಹೊರಬೇಕೆಂದು ಕೇಳಿಕೊಳ್ಳುತ್ತೇನೆ.